ಬೋರ್ ನೀರಿನ ತೊಟ್ಟಿಯಲ್ಲಿ ಹಸಿರು ನಿಲ್ಲಬೇಕಾದರೆ: ಗಡಸುತನ, ಗೊಬ್ಬರ ಮತ್ತು ಅಕ್ವೇರಿಯಂ ಗಿಡಗಳು

ಅಂಗಡಿಯಿಂದ ತಂದಾಗ ಹೊಳೆಯುತ್ತಿದ್ದ ಗಿಡ ಮೂರೇ ವಾರಕ್ಕೆ ಸೊರಗುತ್ತದೆ. ತುದಿಯ ಎಳೆ ಎಲೆ ಬಿಳಿಚಿಕೊಂಡು ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಹಳೆ ಎಲೆಯ ಮೇಲೆ, ಮುಟ್ಟಿದರೆ ಸಣ್ಣ ಮರಳಿನಂತೆ ತಾಗುವ ಬಿಳಿ ಪದರ ಕೂರುತ್ತದೆ. ಕಬ್ಬಿಣ ಕಡಿಮೆಯಾಗಿರಬೇಕೆಂದು ದ್ರವ ಗೊಬ್ಬರ ಹಾಕಿದರೆ ಗಿಡ ಇದ್ದ ಹಾಗೇ ಇರುತ್ತದೆ, ಗಾಜಿನ ಮೇಲೆ ಪಾಚಿ ಹಬ್ಬುತ್ತದೆ. ದಾವಣಗೆರೆ, ಚಿತ್ರದುರ್ಗದ ಕಡೆ ಬೋರ್ ನೀರು ತುಂಬಿದ ತೊಟ್ಟಿಗಳಲ್ಲಿ ಪದೇ ಪದೇ ಕಾಣುವ ಸ್ಥಿತಿ ಇದು. ಇಂಥ ಕಡೆ ಗೊಬ್ಬರವೇ ಸಾಲದೆ ಹೋಗುವುದು ಅಪರೂಪ. ಹಾಕಿದ ಗೊಬ್ಬರ ಗಿಡದ ಬಾಯಿಗೆ ಸೇರದಂತೆ ನೀರೇ ತಡೆದಿರುತ್ತದೆ. ಆದ್ದರಿಂದ ಮೊದಲು ನೀರನ್ನು ಅಳೆಯಬೇಕು, ಆಮೇಲೆ ಹದ ಮಾಡಬೇಕು, ಗೊಬ್ಬರದ ಬಾಟಲಿ ಮುಟ್ಟುವುದು ಕೊನೆಗೆ.

ಗಡಸುತನ ಒಂದಲ್ಲ, ಎರಡು

ಬೋರ್ ನೀರಿನಲ್ಲಿ ತೊಗರಿಬೇಳೆ ಬೇಗ ಬೇಯುವುದಿಲ್ಲ, ಸೋಪು ನೊರೆ ಬಿಡುವುದಿಲ್ಲ. ಎರಡಕ್ಕೂ ಕಾರಣ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ. ಇವೆರಡರ ಮೊತ್ತವೇ ಸಾಮಾನ್ಯ ಗಡಸುತನ; ಅಕ್ವೇರಿಯಂ ಇಟ್ಟವರ ಮಾತಿನಲ್ಲಿ ಜಿಎಚ್. ಅದೇ ನೀರು ಕಾಯಿಸಿದಾಗ ಹಂಡೆಯ ಒಳಗೆ, ಗೀಸರಿನ ಕಾಯಿಲ್ ಮೇಲೆ ಸುಣ್ಣ ಕಟ್ಟುತ್ತದಲ್ಲ, ಅದಕ್ಕೆ ಕ್ಯಾಲ್ಸಿಯಂ ಒಂದೇ ಸಾಲದು, ಜೊತೆಗೆ ಬೈಕಾರ್ಬೊನೇಟ್ ಬೇಕು. ಆ ಬೈಕಾರ್ಬೊನೇಟ್ ಎಷ್ಟಿದೆ ಎಂಬ ಅಳತೆಯೇ ಕಾರ್ಬೊನೇಟ್ ಗಡಸುತನ, ಅಂದರೆ ಕೆಎಚ್. ಪ್ರಯೋಗಾಲಯದ ವರದಿಯಲ್ಲಿ ಇದನ್ನು ಕ್ಷಾರತೆ ಎಂದು ಬರೆದಿರುತ್ತಾರೆ.

ಎರಡನ್ನೂ ಡಿಗ್ರಿಯಲ್ಲೇ ಅಳೆಯುತ್ತಾರೆ. 1 ಡಿಗ್ರಿ ಎಂದರೆ ಲೀಟರಿಗೆ 17.85 ಮಿ.ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ. ವರದಿಯಲ್ಲಿ ಒಟ್ಟು ಗಡಸುತನ 400 ಎಂದಿದ್ದರೆ ಅದನ್ನು 18ರಿಂದ ಭಾಗಿಸಿ, ಜಿಎಚ್ ಸುಮಾರು 22. ಕ್ಷಾರತೆ 290 ಎಂದಿದ್ದರೆ ಕೆಎಚ್ ಸುಮಾರು 16. ಕೃಷಿಗೆಂದು ನೀರು ಪರೀಕ್ಷೆ ಮಾಡಿಸಿದ ವರದಿಯಾದರೆ ಬೈಕಾರ್ಬೊನೇಟನ್ನು ಮಿಲಿ ಈಕ್ವಿವಲೆಂಟ್ ಲೆಕ್ಕದಲ್ಲಿ ಕೊಟ್ಟಿರುತ್ತಾರೆ, ಅದನ್ನು 2.8ರಿಂದ ಗುಣಿಸಿದರೆ ಕೆಎಚ್ ಸಿಗುತ್ತದೆ. ಕುಡಿಯುವ ನೀರಿನ ಮಾನದಂಡ ಐಎಸ್ 10500 ಪ್ರಕಾರ ಒಟ್ಟು ಗಡಸುತನ 200 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪಿಗೆ ಇದೆ. ಡಿಗ್ರಿಯಲ್ಲಿ ಹೇಳಿದರೆ 11ರಿಂದ 34. ಅಂದರೆ ಮನುಷ್ಯರಿಗೆ ಪಾಸಾದ ನೀರು ಗಿಡಕ್ಕೆ ಹದವಾಗಿಯೇ ಇರಬೇಕೆಂದೇನೂ ಇಲ್ಲ.

ಈಗ ಮುಖ್ಯ ವಿಷಯ. ಕ್ಯಾಲ್ಸಿಯಂ, ಮೆಗ್ನೀಷಿಯಂ ಎರಡೂ ಗಿಡಕ್ಕೆ ಆಹಾರ. ಕ್ಯಾಲ್ಸಿಯಂ ಇಲ್ಲದೆ ಎಳೆ ಎಲೆಯ ಜೀವಕೋಶದ ಗೋಡೆ ಕಟ್ಟುವುದಿಲ್ಲ, ಮೆಗ್ನೀಷಿಯಂ ಇಲ್ಲದೆ ಪತ್ರಹರಿತ್ತು ಆಗುವುದಿಲ್ಲ. ಜಿಎಚ್ 15 ಇದ್ದ ಮಾತ್ರಕ್ಕೆ ಹೆಚ್ಚಿನ ಗಿಡಗಳು ಸಾಯುವುದಿಲ್ಲ. ತೊಂದರೆ ಬರುವುದು ಬಹುಪಾಲು ಕೆಎಚ್‌ನಿಂದ. ಬೈಕಾರ್ಬೊನೇಟ್ ಹೆಚ್ಚಿದ್ದ ನೀರಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 8ರ ಮೇಲೆ ಕೂರುತ್ತದೆ, ಅಲ್ಲಿ ಕಬ್ಬಿಣ ಕರಗಿರಲಾರದೆ ತುಕ್ಕಾಗಿ ತಳ ಸೇರುತ್ತದೆ. ಗಿಡದ ಒಳಗೂ ಬೈಕಾರ್ಬೊನೇಟ್ ಕಬ್ಬಿಣದ ಓಡಾಟಕ್ಕೆ ಅಡ್ಡಿ ಮಾಡುತ್ತದೆ. ಸುಣ್ಣ ಹೆಚ್ಚಿರುವ ಹೊಲದಲ್ಲಿ ಶೇಂಗಾ ಎಲೆ ಹಳದಿ ತಿರುಗುವುದನ್ನು ನಮ್ಮ ಭಾಗದ ರೈತರು ನೋಡಿಯೇ ಇದ್ದಾರೆ. ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ, ಗಿಡಕ್ಕೆ ದಕ್ಕುವುದಿಲ್ಲ. ತೊಟ್ಟಿಯಲ್ಲಿ ಆಗುವುದೂ ಅದೇ ರೋಗ.

ಇಂಗಾಲದ ಡೈಆಕ್ಸೈಡಿನ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ಬಹಳ ಹಬ್ಬಿದೆ: ಗಡಸು ನೀರು ಆ ಅನಿಲವನ್ನು ತಿಂದು ಹಾಕುತ್ತದೆ ಎಂಬುದು. ಹಾಗಲ್ಲ. ಲೀಟರಿಗೆ 30 ಮಿ.ಗ್ರಾಂ ಅನಿಲ ಕರಗಿದೆ ಎಂದುಕೊಳ್ಳಿ. ಕೆಎಚ್ 4 ಇರುವ ನೀರಿನಲ್ಲಿ ಆಗ ಪಿಎಚ್ 6.6 ಇರುತ್ತದೆ, ಕೆಎಚ್ 16ರ ನೀರಿನಲ್ಲಿ 7.2. ಗಿಡಕ್ಕೆ ಸಿಗುವ ಅನಿಲ ಎರಡರಲ್ಲೂ ಒಂದೇ. ಸಿಲಿಂಡರಿನಿಂದ ಈ ಅನಿಲ ಬಿಡದ ತೊಟ್ಟಿಯಲ್ಲಿ ಲೀಟರಿಗೆ 3 ಮಿ.ಗ್ರಾಂ ಆಸುಪಾಸು ಇದ್ದರೆ ಮೊದಲನೆಯದರ ಪಿಎಚ್ 7.6, ಎರಡನೆಯದರದು 8.2. ಬದಲಾಗುವುದು ಪಿಎಚ್, ಅದು ಏರಿದ್ದಕ್ಕೆ ಏಟು ಬೀಳುವುದು ಕಬ್ಬಿಣಕ್ಕೆ, ಸ್ವಲ್ಪ ಮಟ್ಟಿಗೆ ಫಾಸ್ಫೇಟಿಗೆ.

ಎಲೆಯ ಮೇಲಿನ ಬಿಳಿ ಪದರದ ಮೂಲವೂ ಬೈಕಾರ್ಬೊನೇಟೇ. ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ, ಹಾರ್ನ್‌ವರ್ಟ್ ಮೊದಲಾದ ಗಿಡಗಳು ಅನಿಲ ಸಾಲದಿದ್ದಾಗ ಬೈಕಾರ್ಬೊನೇಟನ್ನೇ ಒಡೆದು ಇಂಗಾಲ ತೆಗೆದುಕೊಳ್ಳುತ್ತವೆ. ಆಗ ಎಲೆಯ ಮೇಲೆ ಪಿಎಚ್ ಏರಿ ಕ್ಯಾಲ್ಸಿಯಂ ಕಾರ್ಬೊನೇಟ್ ಅಲ್ಲೇ ಗಟ್ಟಿಯಾಗುತ್ತದೆ. ಕ್ಯಾಬೊಂಬಾ ಮತ್ತು ಪಾಚಿಗಿಡಗಳಿಗೆ, ಅಂದರೆ ಮಾಸ್‌ಗಳಿಗೆ, ಈ ಶಕ್ತಿ ಇಲ್ಲ. ಬೋರ್ ನೀರಿನಲ್ಲಿ ಹೈಡ್ರಿಲ್ಲಾ ಹುಚ್ಚೆದ್ದು ಬೆಳೆದು, ಪಕ್ಕದ ಕ್ಯಾಬೊಂಬಾ ಕಡ್ಡಿಯಾಗಿ ನಿಲ್ಲುವುದಕ್ಕೆ ಕಾರಣ ಇದು.

ನಲ್ಲಿ ನೀರು, ಬೋರ್ ನೀರು, ಸಂಪಿನ ನೀರು

ದಾವಣಗೆರೆ ನಗರದ ನಲ್ಲಿ ನೀರು ಭದ್ರಾ ಕಾಲುವೆಯಿಂದ ಕುಂದುವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಗೆ ತುಂಬಿಸಿದ್ದು; ಹರಿಹರದ ಕಡೆ ತುಂಗಭದ್ರೆಯಿಂದ ಎತ್ತಿದ್ದೂ ಇದೆ. ಚಿತ್ರದುರ್ಗಕ್ಕೆ ಸೂಳೆಕೆರೆ ಅಂದರೆ ಶಾಂತಿಸಾಗರದ ನೀರು, ಜೊತೆಗೆ ಮಾರಿಕಣಿವೆಯ ವಾಣಿವಿಲಾಸ ಸಾಗರದ ನೀರು. ಇವೆಲ್ಲ ಮೇಲ್ಮೈ ನೀರು, ಬೋರ್ ನೀರಿಗಿಂತ ಸಾಮಾನ್ಯವಾಗಿ ಮೆದು. ಬೋರ್ ನೀರಿನ ಕಥೆ ಬೇರೆ. ಮಳೆ ನೀರು ಮಣ್ಣಿನಲ್ಲಿ ಇಳಿಯುವಾಗ ಬೇರು, ಸೂಕ್ಷ್ಮಜೀವಿಗಳು ಬಿಟ್ಟ ಇಂಗಾಲದ ಡೈಆಕ್ಸೈಡ್ ಹೀರಿ ತುಸು ಹುಳಿಯಾಗುತ್ತದೆ. ಆ ಹುಳಿ ನೀರು ಬಂಡೆಯ ಸೀಳುಗಳಲ್ಲಿ ನಿಂತು ಖನಿಜ ಕರಗಿಸುತ್ತದೆ. ಕ್ಯಾಲ್ಸಿಯಂ, ಮೆಗ್ನೀಷಿಯಂ ಜೊತೆಗೆ ಬೈಕಾರ್ಬೊನೇಟೂ ಹುಟ್ಟುತ್ತದೆ. ಚಿತ್ರದುರ್ಗದ ಶಿಸ್ಟ್ ಪಟ್ಟಿಯಲ್ಲಿ ಹಳೆ ಲಾವಾದ ಹಸಿರು ಬಂಡೆ ಇದೆ, ಅಲ್ಲಲ್ಲಿ ಸುಣ್ಣಕಲ್ಲು, ಡಾಲಮೈಟ್ ಕೂಡ ಇವೆ. ಮಳೆ ಕಡಿಮೆ, ಬಿಸಿಲು ಹೆಚ್ಚು. ಕರಗಿದ್ದು ತೊಳೆದು ಹೋಗದೆ ಸಾಂದ್ರವಾಗುತ್ತದೆ. ಒಂದೇ ಬೀದಿಯ ಎರಡು ಬೋರ್‌ಗಳಲ್ಲಿ ನೀರು ಬೇರೆ ಬೇರೆ ಇರಬಹುದು, ಆದ್ದರಿಂದ ಪಕ್ಕದ ಮನೆಯ ಅಳತೆ ನಿಮಗೆ ಆಗುವುದಿಲ್ಲ.

ಇನ್ನು ಸಂಪು. ಹಲವು ಮನೆಗಳಲ್ಲಿ ನಲ್ಲಿ ನೀರು ಬಂದ ದಿನ ಅದನ್ನೂ, ಬಾರದ ದಿನ ಬೋರ್ ನೀರನ್ನೂ ಒಂದೇ ಸಂಪಿಗೆ ಬಿಡುತ್ತಾರೆ. ಈ ವಾರ ಕೆಎಚ್ 6, ಮುಂದಿನ ವಾರ 14. ಗಿಡಕ್ಕೆ ಸ್ಥಿರವಾದ ಗಡಸು ನೀರಿಗಿಂತ ಈ ಏರಿಳಿತ ಕೆಟ್ಟದ್ದು. ಕ್ರಿಪ್ಟೊಕೊರೈನ್ ಗಿಡಗಳು ಇದ್ದಕ್ಕಿದ್ದಂತೆ ಎಲೆ ಕರಗಿಸಿಕೊಳ್ಳುವುದರ ಹಿಂದೆ ಹಲವು ಸಲ ಇಂಥ ಬದಲಾವಣೆಯೇ ಇರುತ್ತದೆ. ಸಂಪಿನ ನೀರು ಬಳಸುವುದಾದರೆ ಪ್ರತಿ ಸಲ ಕೆಎಚ್ ನೋಡಿಯೇ ಹಾಕಬೇಕು. ನಲ್ಲಿ ನೀರಾದರೆ ಕ್ಲೋರಿನ್ ಇರುತ್ತದೆ. 100 ಲೀಟರಿಗೆ 1ರಿಂದ 1.5 ಗ್ರಾಂ ಸೋಡಿಯಂ ಥಯೋಸಲ್ಫೇಟ್ ಹರಳು ಕರಗಿಸಿ ಹಾಕಿದರೆ ಸಾಕು.

ಅಳೆಯುವುದು

ಟಿಡಿಎಸ್ ಮೀಟರ್ ಗಡಸುತನ ಹೇಳುವುದಿಲ್ಲ. ಅದು ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆಂದು ನೋಡಿ ಒಟ್ಟು ಲವಣವನ್ನು ಅಂದಾಜು ಮಾಡುತ್ತದೆ, ಅಷ್ಟೇ. 600 ಎಂದು ತೋರಿಸಿದರೆ ಅದರಲ್ಲಿ ಸೋಡಿಯಂ ಎಷ್ಟು, ಕ್ಯಾಲ್ಸಿಯಂ ಎಷ್ಟು ಎಂದು ಗೊತ್ತಾಗುವುದಿಲ್ಲ. ಬೇಕಾದದ್ದು ಹನಿ ಹಾಕಿ ಬಣ್ಣ ನೋಡುವ ಜಿಎಚ್ ಮತ್ತು ಕೆಎಚ್ ಕಿಟ್. 5 ಮಿ.ಲೀ. ನೀರಿಗೆ ಒಂದೊಂದೇ ಹನಿ ಹಾಕಿ ಅಲುಗಾಡಿಸಿ, ಬಣ್ಣ ಪೂರ್ತಿ ತಿರುಗುವ ತನಕ ಎಣಿಸಬೇಕು. ಸಾಮಾನ್ಯವಾಗಿ ಒಂದು ಹನಿಗೆ ಒಂದು ಡಿಗ್ರಿ. ನಮ್ಮ ಬೋರ್ ನೀರಿಗೆ ಇಪ್ಪತ್ತಕ್ಕೂ ಹೆಚ್ಚು ಹನಿ ಬೇಕಾಗಿ ದ್ರಾವಣ ಬೇಗ ಮುಗಿಯುತ್ತದೆ. ಅರ್ಧ ಬೋರ್ ನೀರು, ಅರ್ಧ ಪೊರೆಯ ಫಿಲ್ಟರಿನಲ್ಲಿ ಲವಣ ತೆಗೆದ ಆರ್‌ಓ ನೀರು ಬೆರೆಸಿ ಅಳೆದು, ಬಂದ ಸಂಖ್ಯೆಯನ್ನು ಎರಡರಿಂದ ಗುಣಿಸಿ. ಅದ್ದಿ ನೋಡುವ ಪಟ್ಟಿಗಳು ಅಂದಾಜಿಗೆ ಮಾತ್ರ.

ಕಿಟ್ ಜಿಎಚ್ ಮೊತ್ತ ಹೇಳುತ್ತದೆ, ಅದರಲ್ಲಿ ಮೆಗ್ನೀಷಿಯಂ ಪಾಲು ಎಷ್ಟೆಂದು ಹೇಳುವುದಿಲ್ಲ. ಅದಕ್ಕೆ ಒಂದು ಸಲ ಪ್ರಯೋಗಾಲಯದಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ, ಬೈಕಾರ್ಬೊನೇಟ್, ಸೋಡಿಯಂ ನಾಲ್ಕನ್ನೂ ಬೇರೆ ಬೇರೆಯಾಗಿ ಪರೀಕ್ಷೆ ಮಾಡಿಸಿ. ಮಣ್ಣು, ನೀರಾವರಿ ನೀರು ಪರೀಕ್ಷಿಸುವ ಯಾವ ಪ್ರಯೋಗಾಲಯವಾದರೂ ಆದೀತು. ಮಳೆಗಾಲ ಮುಗಿದ ಮೇಲೊಂದು, ಏಪ್ರಿಲ್‌ನಲ್ಲೊಂದು ವರದಿ ಇದ್ದರೆ ಬೇಸಿಗೆಯಲ್ಲಿ ನಿಮ್ಮ ನೀರು ಎಷ್ಟು ಬಿಗಿಯುತ್ತದೆ ಎಂಬುದು ಸ್ಪಷ್ಟವಾಗುತ್ತದೆ.

ಬೋರ್ ನೀರಿನ ಪಿಎಚ್ ಅನ್ನು ಪೈಪಿನಿಂದ ಹಿಡಿದ ಕೂಡಲೇ ನೋಡಬೇಡಿ. ನೆಲದಾಳದ ಅನಿಲ ಇನ್ನೂ ಅದರಲ್ಲಿರುವುದರಿಂದ 7.2 ತೋರಿಸಬಹುದು. ಬಕೆಟ್‌ನಲ್ಲಿ ಗುಳ್ಳೆ ಬಿಡುವ ಗಾಳಿಕಲ್ಲು ಹಾಕಿ 24 ಗಂಟೆ ಬಿಟ್ಟು ನೋಡಿದರೆ 8ರ ಮೇಲೆ ಹೋಗಿರುತ್ತದೆ. ಅದೇ ನಿಜವಾದ ಸಂಖ್ಯೆ.

ಬೆರೆಸುವ ಲೆಕ್ಕ

ಹೆಚ್ಚಿನ ಗಿಡಗಳಿಗೆ ಕೆಎಚ್ 3ರಿಂದ 6, ಜಿಎಚ್ 5ರಿಂದ 10 ಒಳ್ಳೆಯ ಹದ. ಅಲ್ಲಿಗೆ ತಲುಪುವ ಸರಿಯಾದ ದಾರಿ ಮೆದು ನೀರು ಬೆರೆಸುವುದು. ನಮ್ಮ ಎರಡೂ ಜಿಲ್ಲೆಗಳಲ್ಲಿ ಇದಕ್ಕೆ ಅನುಕೂಲ ಇದೆ. ಫ್ಲೋರೈಡ್ ಕಾಟದಿಂದಾಗಿ ಊರೂರಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ, 20 ಲೀಟರ್ ಆರ್‌ಓ ನೀರಿನ ಕ್ಯಾನ್ ಸುಲಭವಾಗಿ ಸಿಗುತ್ತದೆ. ಆದರೆ ಕ್ಯಾನ್ ನೀರನ್ನೂ ಒಂದು ಸಲ ಅಳೆಯಿರಿ. ರುಚಿಗೆಂದು ಸ್ವಲ್ಪ ಮೂಲ ನೀರು ಬೆರೆಸಿರಬಹುದು, ಫಿಲ್ಟರಿನ ಪೊರೆ ಹಳೆಯದಾಗಿರಬಹುದು.

ಲೆಕ್ಕ ಹೀಗೆ. ಬೋರ್ ನೀರಿನ ಕೆಎಚ್ 16, ಆರ್‌ಓ ನೀರಿನದು ಹೆಚ್ಚುಕಡಿಮೆ 0, ಬೇಕಾದದ್ದು 5. ಐದನ್ನು ಹದಿನಾರರಿಂದ ಭಾಗಿಸಿದರೆ 0.31. ಅಂದರೆ ನೂರು ಲೀಟರಿನಲ್ಲಿ 31 ಲೀಟರ್ ಬೋರ್ ನೀರು, ಉಳಿದದ್ದು ಆರ್‌ಓ. 100 ಲೀಟರ್ ತೊಟ್ಟಿಯಲ್ಲಿ ವಾರಕ್ಕೆ ಅರ್ಧ ನೀರು ಬದಲಿಸುವುದಾದರೆ 16 ಲೀಟರ್ ಬೋರ್, 34 ಲೀಟರ್ ಆರ್‌ಓ; ಎರಡು ಕ್ಯಾನಿಗೂ ಕಡಿಮೆ. ಬೋರ್ ನೀರಿನ ಜಿಎಚ್ 22 ಇದ್ದರೆ ಮಿಶ್ರಣದಲ್ಲಿ ಅದು 7ಕ್ಕೆ ಬರುತ್ತದೆ. ಗಿಡಕ್ಕೆ ಬೇಕಾದ ಕ್ಯಾಲ್ಸಿಯಂ ಬೋರ್ ನೀರಿನಿಂದಲೇ ಬಂತು, ಬೇರೆ ಪುಡಿಗೆ ದುಡ್ಡು ಕೊಡಬೇಕಿಲ್ಲ.

ಈಗಾಗಲೇ ಮೀನಿರುವ ತೊಟ್ಟಿಯನ್ನು ಒಂದೇ ದಿನ ಇಳಿಸಬಾರದು. ವಾರಕ್ಕೆ 30 ಲೀಟರ್ ತೆಗೆದು ಕೆಎಚ್ 5ರ ಮಿಶ್ರಣ ತುಂಬಿದರೆ 16 ಇದ್ದದ್ದು ಮೊದಲ ವಾರ 12.7, ಆಮೇಲೆ 10.4, 8.8, 7.6, ಐದನೇ ವಾರಕ್ಕೆ 6.8. ಮೀನಿಗೂ ಗಿಡಕ್ಕೂ ಈ ವೇಗ ತಡೆಯುತ್ತದೆ.

ಮಳೆ ನೀರು ಇನ್ನೂ ಒಳ್ಳೆಯದು. ಬೇಸಿಗೆ ಕಳೆದ ಮೇಲಿನ ಮೊದಲ ಎರಡು ಮಳೆ ಬಿಟ್ಟು, ಆಮೇಲಿನದ್ದರಲ್ಲೂ ಮೊದಲ ಹತ್ತು ನಿಮಿಷ ಚೆಲ್ಲಿ, ಮುಚ್ಚಿದ ಡ್ರಮ್ಮಿನಲ್ಲಿ ಹಿಡಿದಿಡಿ. ಹೊಸ ಸತುವಿನ ತಗಡಿನ ಮೇಲಿಂದ ಬಂದದ್ದು ಬೇಡ. ಹೊಸ ಸಿಮೆಂಟ್ ತಾರಸಿ ಸ್ವಲ್ಪ ಸುಣ್ಣ ಬಿಡುತ್ತದೆ, ಅಳೆದರೆ ತಿಳಿಯುತ್ತದೆ. ತೊಟ್ಟಿಯಿಂದ ತೆಗೆದ ಹಳೆ ನೀರನ್ನು ಬಚ್ಚಲಿಗೆ ಸುರಿಯಬೇಡಿ. ನೈಟ್ರೇಟ್, ಪೊಟ್ಯಾಷ್ ಇರುವ ಆ ನೀರಿಗೆ ತುಳಸಿ, ಮಲ್ಲಿಗೆ ಚೆನ್ನಾಗಿ ಚಿಗುರುತ್ತವೆ. ನಮ್ಮಂಥ ಬರದ ಸೀಮೆಯಲ್ಲಿ ವಾರಕ್ಕೆ 50 ಲೀಟರ್ ಸಣ್ಣ ಮಾತಲ್ಲ.

ಎಡವುವ ಜಾಗಗಳು

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಮನೆಗೆ ಹಾಕಿಸಿದ ವಾಟರ್ ಸಾಫ್ಟ್‌ನರ್. ಅದು ಕ್ಯಾಲ್ಸಿಯಂ, ಮೆಗ್ನೀಷಿಯಂ ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ. ಅದಕ್ಕೇ ಆಗಾಗ ಉಪ್ಪು ಹಾಕುವುದು. ಸೋಪು ನೊರೆ ಬರುತ್ತದೆ, ಜಿಎಚ್ ಸೊನ್ನೆಯಾಗುತ್ತದೆ, ಆದರೆ ಬೈಕಾರ್ಬೊನೇಟ್ ಒಂದು ಹನಿಯೂ ಕಡಿಮೆಯಾಗಿರುವುದಿಲ್ಲ. ಗಿಡಕ್ಕೆ ಬೇಕಾದ ಎರಡು ಹೋದವು, ಬೇಡದ್ದು ಉಳಿಯಿತು, ಮೇಲಿಂದ ಸೋಡಿಯಂ ಸೇರಿತು. ಈ ನೀರು ಅಕ್ವೇರಿಯಂಗೆ ಬರೀ ಬೋರ್ ನೀರಿಗಿಂತ ಕೆಟ್ಟದ್ದು. ಸಾಫ್ಟ್‌ನರ್‌ಗೆ ಮೊದಲಿನ ಕೊಳಾಯಿಯಿಂದ ಹಿಡಿಯಿರಿ.

ಬರೀ ಆರ್‌ಓ ನೀರು ತುಂಬುವುದು ಇದರ ವಿರುದ್ಧ ದಿಕ್ಕಿನ ತಪ್ಪು. ಕ್ಯಾಲ್ಸಿಯಂ ಇಲ್ಲದೆ ಎಳೆ ಎಲೆ ಮುರುಟಿ, ತುದಿ ಸುರುಳಿ ಸುತ್ತಿ ನಿಲ್ಲುತ್ತದೆ. ಕೆಎಚ್ ಇಲ್ಲದ ನೀರಿನ ಪಿಎಚ್ ಯಾವಾಗ ಕುಸಿಯುತ್ತದೆಂದು ಹೇಳಲಾಗದು. ಬೆರೆಸಲು ಬೋರ್ ನೀರು ಇಲ್ಲವೇ ಇಲ್ಲ ಎನ್ನುವವರು 100 ಲೀಟರ್ ಆರ್‌ಓ ನೀರಿಗೆ 9 ಗ್ರಾಂ ಜಿಪ್ಸಂ, 5 ಗ್ರಾಂ ಎಪ್ಸಂ ಸಾಲ್ಟ್ (ಮೆಗ್ನೀಷಿಯಂ ಸಲ್ಫೇಟ್) ಹಾಕಿದರೆ ಜಿಎಚ್ ಸುಮಾರು 4. 10 ಗ್ರಾಂ ಪೊಟ್ಯಾಸಿಯಂ ಬೈಕಾರ್ಬೊನೇಟ್ ಹಾಕಿದರೆ ಕೆಎಚ್ ಸುಮಾರು 3. ಜಿಪ್ಸಂ ನಿಧಾನ ಕರಗುತ್ತದೆ, ಹಿಂದಿನ ರಾತ್ರಿಯೇ ಬಕೆಟ್ಟಿನಲ್ಲಿ ಕಲಕಿಡಿ.

ಪಿಎಚ್ ಇಳಿಸುವ ದ್ರಾವಣ, ನಿಂಬೆಹುಳಿ, ಇವು ಕೆಎಚ್ 16ರ ನೀರಿನಲ್ಲಿ ಒಂದು ದಿನದ ಆಟ. ಹುಳಿಯನ್ನು ಬೈಕಾರ್ಬೊನೇಟ್ ನುಂಗುತ್ತದೆ, ಮರುದಿನ ಪಿಎಚ್ ಮತ್ತೆ ಮೇಲೆ. ಏರಿಳಿತಕ್ಕೆ ಮೀನು ಬಳಲುತ್ತದೆ. ಆ ದ್ರಾವಣ ಫಾಸ್ಫರಿಕ್ ಆಮ್ಲವಾಗಿದ್ದರೆ ಪಾಚಿಗೆ ಊಟ ಹಾಕಿದಂತೆ. ಬಾದಾಮಿ ಎಲೆ, ಕೊರಡು ಕೂಡ ಇಷ್ಟು ಕೆಎಚ್ ಎದುರು ಹೆಚ್ಚೇನೂ ಮಾಡಲಾರವು.

ಬೇಸಿಗೆಯಲ್ಲಿ ಆರುವ ನೀರಿನ ಬಗ್ಗೆ ಯೋಚಿಸುವವರು ಕಡಿಮೆ. ಆವಿಯಾಗುವುದು ನೀರು ಮಾತ್ರ, ಲವಣ ತೊಟ್ಟಿಯಲ್ಲೇ ಉಳಿಯುತ್ತದೆ. ಏಪ್ರಿಲ್‌ನಲ್ಲಿ ತೆರೆದ ತೊಟ್ಟಿಯಿಂದ ದಿನಕ್ಕೆ ಒಂದು ಲೀಟರ್ ಆರಿದರೆ ತಿಂಗಳಿಗೆ 30 ಲೀಟರ್. ಅದನ್ನು ಜಿಎಚ್ 20ರ ಬೋರ್ ನೀರಿನಿಂದ ತುಂಬಿಸಿದರೆ 100 ಲೀಟರ್ ತೊಟ್ಟಿಯ ಗಡಸುತನ ಒಂದೇ ತಿಂಗಳಲ್ಲಿ 6 ಡಿಗ್ರಿ ಏರುತ್ತದೆ. ಆರಿದ್ದಕ್ಕೆ ಆರ್‌ಓ ನೀರನ್ನೇ ತುಂಬಿ; ಮಿಶ್ರಣ ವಾರದ ಬದಲಾವಣೆಗೆ ಮಾತ್ರ.

ತೊಟ್ಟಿಯೊಳಗಿನ ಕಲ್ಲೂ ನೋಡಿ. ದುರ್ಗದ ಬೆಟ್ಟದ ಗ್ರಾನೈಟ್ ನೀರಿಗೆ ಏನೂ ಬಿಡುವುದಿಲ್ಲ. ಕಪ್ಪು ಮಣ್ಣಿನ ಹೊಲದಲ್ಲಿ ಸಿಗುವ ಬಿಳಿ ಸುಣ್ಣದ ಹರಳು, ಅಮೃತಶಿಲೆಯ ಚೂರು, ಕಪ್ಪೆಚಿಪ್ಪು ದಿನವೂ ಕೆಎಚ್ ಏರಿಸುತ್ತವೆ. ತೊಳೆದು ಒಣಗಿಸಿದ ಕಲ್ಲಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ, ಗುಳ್ಳೆ ಎದ್ದರೆ ಬೇಡ. ಗಿಡಗಳಿಗೆಂದು ಮಾರುವ ದುಬಾರಿ ತಳದ ಮಣ್ಣು ಅಕ್ವಾ ಸಾಯಿಲ್ ಕೆಎಚ್ ಹೀರಿಕೊಳ್ಳುತ್ತದೆ ನಿಜ. ಬೋರ್ ನೀರು ಸುರಿಯುತ್ತಾ ಹೋದರೆ ಆ ಶಕ್ತಿ ಕೆಲವೇ ತಿಂಗಳಲ್ಲಿ ಮುಗಿದುಹೋಗುತ್ತದೆ. ನೀರು ಹದ ಮಾಡದೆ ಅದಕ್ಕೆ ಹಣ ಹಾಕಬೇಡಿ.

ಗೊಬ್ಬರ: ಡ್ರಿಪ್ ಪ್ಯಾಕೆಟ್ಟಿನಿಂದ ತೊಟ್ಟಿಗೆ

ದಾಳಿಂಬೆ, ಅಡಿಕೆ ತೋಟಕ್ಕೆ ಡ್ರಿಪ್‌ನಲ್ಲಿ ಬಿಡುವ ನೀರಿನಲ್ಲಿ ಕರಗುವ ಗೊಬ್ಬರಗಳು ಅಕ್ವೇರಿಯಂಗೂ ಆಗುತ್ತವೆ, ಸರಿಯಾದದ್ದನ್ನು ಆರಿಸಿದರೆ. 13-0-45 ಎಂದರೆ ಪೊಟ್ಯಾಸಿಯಂ ನೈಟ್ರೇಟ್. ಇದರ 1 ಗ್ರಾಂ 100 ಲೀಟರಿಗೆ ಬಿದ್ದರೆ ಲೀಟರಿಗೆ ಸುಮಾರು 6 ಮಿ.ಗ್ರಾಂ ನೈಟ್ರೇಟ್, 3.8 ಮಿ.ಗ್ರಾಂ ಪೊಟ್ಯಾಸಿಯಂ. 0-52-34 ಎಂದರೆ ಮೊನೊ ಪೊಟ್ಯಾಸಿಯಂ ಫಾಸ್ಫೇಟ್. 1 ಗ್ರಾಂಗೆ 7 ಮಿ.ಗ್ರಾಂ ಫಾಸ್ಫೇಟ್. 0-0-50 ಎಂದರೆ ಪೊಟ್ಯಾಸಿಯಂ ಸಲ್ಫೇಟ್. 1 ಗ್ರಾಂಗೆ ಸುಮಾರು 4.4 ಮಿ.ಗ್ರಾಂ ಪೊಟ್ಯಾಸಿಯಂ. ಮೆಗ್ನೀಷಿಯಂ ಸಲ್ಫೇಟ್ 1 ಗ್ರಾಂಗೆ 1 ಮಿ.ಗ್ರಾಂ ಮೆಗ್ನೀಷಿಯಂ.

19-19-19 ಮಾತ್ರ ಖಂಡಿತ ಬೇಡ. ಅದರಲ್ಲಿ ಯೂರಿಯಾ, ಅಮೋನಿಯಂ ಇರುತ್ತವೆ. ಪಿಎಚ್ 8.2, ನೀರಿನ ಬಿಸಿ 30 ಡಿಗ್ರಿ ಇದ್ದರೆ ಅಮೋನಿಯಂನ ಹತ್ತನೇ ಒಂದು ಭಾಗ ವಿಷದ ಅಮೋನಿಯಾ ಆಗುತ್ತದೆ. ಪಿಎಚ್ 7ರಲ್ಲಿ ಅದು ನೂರಕ್ಕೆ ಒಂದೂ ಇರುವುದಿಲ್ಲ. ಮೆದು ನೀರಿನ ಊರಿನಲ್ಲಿ ಯಾರೋ ಹಾಕಿ ಬಚಾವಾದ ಗೊಬ್ಬರ ನಮ್ಮ ಬೇಸಿಗೆಯ ಬೋರ್ ನೀರಿನಲ್ಲಿ ಒಂದು ರಾತ್ರಿಯಲ್ಲಿ ಮೀನು ಕೊಲ್ಲಬಹುದು.

ಮೊದಲ ಬಾಟಲಿ: 500 ಮಿ.ಲೀ. ಆರ್‌ಓ ನೀರಿಗೆ 30 ಗ್ರಾಂ 13-0-45, 4 ಗ್ರಾಂ 0-52-34, 10 ಗ್ರಾಂ 0-0-50. ಚಿನ್ನ ತೂಗುವಂಥ 0.01 ಗ್ರಾಂ ನಿಖರತೆಯ ಸಣ್ಣ ತಕ್ಕಡಿಯಲ್ಲಿ ತೂಗಿ, ಚಮಚದ ಲೆಕ್ಕ ನಂಬಬೇಡಿ. ಇದರ 10 ಮಿ.ಲೀ. 100 ಲೀಟರಿಗೆ ಹಾಕಿದರೆ ನೈಟ್ರೇಟ್ 3.6, ಫಾಸ್ಫೇಟ್ 0.55, ಪೊಟ್ಯಾಸಿಯಂ 3.4 ಮಿ.ಗ್ರಾಂ ಸೇರುತ್ತದೆ. ಸಿಲಿಂಡರಿನಿಂದ ಅನಿಲ ಬಿಡುವ, ಗಿಡ ದಟ್ಟವಾಗಿರುವ ತೊಟ್ಟಿಗೆ ವಾರಕ್ಕೆ ಮೂರು ಸಲ. ಅನಿಲ ಇಲ್ಲದ ತೊಟ್ಟಿಗೆ ವಾರಕ್ಕೊಮ್ಮೆ ಸಾಕು; ಮೀನು ತುಂಬಾ ಇದ್ದರೆ ನೈಟ್ರೇಟ್ ಆ ಮೀನಿನ ತ್ಯಾಜ್ಯದಿಂದಲೇ ಬರುತ್ತದೆ. ವಾರಕ್ಕೆ ಅರ್ಧ ನೀರು ಬದಲಿಸುತ್ತಿದ್ದರೆ ಯಾವ ಲವಣವೂ ವಾರದ ಡೋಸಿನ ಎರಡು ಪಟ್ಟು ಮೀರಿ ಕೂಡಿಕೊಳ್ಳುವುದಿಲ್ಲ. ಹೆಚ್ಚು ಕಡಿಮೆಯ ಭಯವನ್ನು ಈ ಬದಲಾವಣೆಯೇ ಕಳೆಯುತ್ತದೆ.

ಕಬ್ಬಿಣಕ್ಕೆ ಬೇರೆಯೇ ಬಾಟಲಿ, ಬೇರೆಯೇ ದಿನ. ಫಾಸ್ಫೇಟ್ ಜೊತೆ ಒಂದೇ ಬಾಟಲಿಯಲ್ಲಿಟ್ಟರೆ ಎರಡೂ ಸೇರಿ ಕೆಸರಾಗಿ ತಳಕ್ಕಿಳಿಯುತ್ತವೆ. ಹೊಲಕ್ಕೆ ಹಾಕುವ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಗಡಸು ನೀರಿಗೆ ಬಿದ್ದ ಕೆಲವೇ ಗಂಟೆಗಳಲ್ಲಿ ಕಂದು ತುಕ್ಕಾಗುತ್ತದೆ. ಅದಕ್ಕೆ ಕಬ್ಬಿಣವನ್ನು ಹಿಡಿದಿಡುವ ಚೀಲೇಟ್ ಬೇಕು, ಮತ್ತು ಯಾವ ಚೀಲೇಟ್ ಎಂಬುದನ್ನು ನಿರ್ಧರಿಸುವುದು ನಿಮ್ಮ ಪಿಎಚ್. ಹೆಚ್ಚಿನ ಅಂಗಡಿಗಳಲ್ಲಿ ಸಿಗುವ ಇಡಿಟಿಎ ಕಬ್ಬಿಣ ಪಿಎಚ್ 6.5ರ ಆಸುಪಾಸಿನವರೆಗೆ ಗಟ್ಟಿ. ಅದರ ಮೇಲೆ ಕ್ಯಾಲ್ಸಿಯಂ ಬಂದು ಕಬ್ಬಿಣವನ್ನು ತಳ್ಳಿ ತಾನು ಕೂರುತ್ತದೆ. ಡಿಟಿಪಿಎ ಸುಮಾರು 7.5ರವರೆಗೆ ತಡೆಯುತ್ತದೆ. ಇಡಿಡಿಎಚ್‌ಎ 9ರಲ್ಲೂ ಬಿಡುವುದಿಲ್ಲ, ಆದರೆ ನೀರಿಗೆ ಗುಲಾಬಿ ಬಣ್ಣ ಕೊಡುತ್ತದೆ. ಕೆಎಚ್ 5ಕ್ಕೆ ಇಳಿಸಿದ, ಅನಿಲ ಬಿಡುವ ತೊಟ್ಟಿಗೆ ಡಿಟಿಪಿಎ ಸರಿ. ಕೆಎಚ್ ಇಳಿಸಲಾಗದವರು ಗುಲಾಬಿ ಬಣ್ಣ ಸಹಿಸಿಕೊಂಡು ಇಡಿಡಿಎಚ್‌ಎ ಬಳಸಬೇಕು.

100 ಲೀಟರಿನಲ್ಲಿ ಒಂದು ಸಲಕ್ಕೆ ಲೀಟರಿಗೆ 0.1 ಮಿ.ಗ್ರಾಂ ಕಬ್ಬಿಣ ಸಾಕು. 11 ಶೇಕಡಾ ಕಬ್ಬಿಣವಿರುವ ಡಿಟಿಪಿಎ ಪುಡಿ 4.5 ಗ್ರಾಂ ಅನ್ನು 500 ಮಿ.ಲೀ. ಆರ್‌ಓ ನೀರಿನಲ್ಲಿ ಕರಗಿಸಿದರೆ 10 ಮಿ.ಲೀ.ಗೆ ಅಷ್ಟು ಬರುತ್ತದೆ. 6 ಶೇಕಡಾ ಇರುವ ಇಡಿಡಿಎಚ್‌ಎ ಆದರೆ 8.3 ಗ್ರಾಂ ಬೇಕು. ಬೆಳಕಿಗೆ ಚೀಲೇಟ್ ಒಡೆಯುತ್ತದೆ, ಬಾಟಲಿಯನ್ನು ಕತ್ತಲಲ್ಲಿಡಿ. ತೊಟ್ಟಿಗೂ ದೀಪ ಹಚ್ಚುವ ಸ್ವಲ್ಪ ಮೊದಲೇ ಹಾಕಿ, ಗಿಡ ಎಚ್ಚರಾದಾಗ ಆಹಾರ ಎದುರಿಗಿರಲಿ. ಹೊಲದ ಸೂಕ್ಷ್ಮ ಪೋಷಕಾಂಶದ ಮಿಶ್ರಣಗಳಲ್ಲಿ ಸತು, ತಾಮ್ರ ಹೆಚ್ಚಿರಬಹುದು. ತಾಮ್ರ ಸೀಗಡಿಗೆ ವಿಷ, ಹಾಗಾಗಿ ಮ್ಯಾಂಗನೀಸ್, ಬೋರಾನ್, ಸತು ಮೊದಲಾದವಕ್ಕೆ ಅಕ್ವೇರಿಯಂಗೆಂದೇ ಮಾಡಿದ್ದನ್ನು ಕೊಳ್ಳುವುದು ಕ್ಷೇಮ.

ನೀರಿನಲ್ಲಿ ನಿಲ್ಲದ ಕಬ್ಬಿಣವನ್ನು ಬೇರಿನ ಕಡೆಯಿಂದ ಕೊಡುವ ದಾರಿಯೂ ಇದೆ, ಗಡಸು ನೀರಿನವರಿಗೆ ಇದು ದೊಡ್ಡ ವರ. ಮರಳಿನ ಆಳದಲ್ಲಿ ಆಮ್ಲಜನಕ ಕಡಿಮೆ, ಪಿಎಚ್ ಕೂಡ ಮೇಲಿನ ನೀರಿಗಿಂತ ಕಡಿಮೆ. ಅಲ್ಲಿ ಕಬ್ಬಿಣ ಕರಗಿದ ರೂಪದಲ್ಲಿ ಉಳಿಯುತ್ತದೆ. ಗೊಬ್ಬರ, ಕೀಟನಾಶಕ ಬೀಳದ ಜಾಗದ ಕೆಂಪು ಜೇಡಿಯನ್ನು ಜರಡಿ ಹಿಡಿದು ಗೋಲಿಯಷ್ಟು ಉಂಡೆ ಕಟ್ಟಿ, ನೆರಳಲ್ಲಿ ಪೂರ್ತಿ ಒಣಗಿಸಿ. ಕ್ರಿಪ್ಟೊಕೊರೈನ್, ಎಕಿನೊಡೋರಸ್, ವ್ಯಾಲಿಸ್ನೇರಿಯಾ ಬುಡದಲ್ಲಿ 5 ಸೆಂ.ಮೀ. ಆಳಕ್ಕೆ ಒತ್ತಿ. ಎರಡು ಮೂರು ತಿಂಗಳಿಗೊಮ್ಮೆ ಹೊಸದು. ಉಂಡೆ ಹಸಿ ಇದ್ದರೆ ನೀರು ಕೆಂಪಾಗುತ್ತದೆ.

ಅನಿಲ ಬಿಡುವವರು, ಕರಗಿದ ಅನಿಲ ಎಷ್ಟೆಂದು ಬಣ್ಣದಿಂದ ತೋರಿಸುವ ಡ್ರಾಪ್ ಚೆಕ್ಕರ್‌ಗೆ ತೊಟ್ಟಿಯ ನೀರು ತುಂಬಬಾರದು. ಅದರೊಳಗೆ ಕೆಎಚ್ 4ರ ದ್ರಾವಣವೇ ಇರಬೇಕು, ಆಗ ಮಾತ್ರ ಹಸಿರು ಬಣ್ಣ ಎಂದರೆ 30 ಮಿ.ಗ್ರಾಂ. ಕೆಎಚ್ 16ರ ತೊಟ್ಟಿ ನೀರು ತುಂಬಿದರೆ ಹಸಿರಾಗುವಷ್ಟರಲ್ಲಿ ಮೀನು ಮೇಲೆ ಬಂದು ಬಾಯಿ ತೆರೆಯುತ್ತಿರುತ್ತದೆ.

ಎಲೆ ಓದುವುದು

ಲಕ್ಷಣ ಮೊದಲು ಎಲ್ಲಿ ಕಂಡಿತು ಎಂದು ನೋಡಿ. ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಷಿಯಂಗಳನ್ನು ಗಿಡ ಹಳೆ ಎಲೆಯಿಂದ ಕಿತ್ತು ಹೊಸ ಎಲೆಗೆ ಸಾಗಿಸಬಲ್ಲದು, ಆದ್ದರಿಂದ ಕೊರತೆ ಹಳೆ ಎಲೆಯಲ್ಲಿ ಕಾಣುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಹಾಗೆ ಸಾಗುವುದಿಲ್ಲ, ಕೊರತೆ ತುದಿಯಲ್ಲಿ. ಹಳೆ ಎಲೆಯಲ್ಲಿ ಸೂಜಿ ಚುಚ್ಚಿದಂತೆ ತೂತು, ಅದರ ಸುತ್ತ ಹಳದಿ ಅಂಚು ಇದ್ದರೆ ಪೊಟ್ಯಾಷ್. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಜೊತೆ ಪೈಪೋಟಿ ಇರುವುದರಿಂದ ಇದು ಬೇಗ ಕಾಣುತ್ತದೆ. ಹಳೆ ಎಲೆ ಇಡಿಯಾಗಿ ಹಳದಿಯಾದರೆ ಸಾರಜನಕ. ಹಳೆ ಎಲೆಯಲ್ಲಿ ನರ ಹಸಿರು, ನಡುವೆ ಹಳದಿ ಎಂದರೆ ಮೆಗ್ನೀಷಿಯಂ. ಜಿಎಚ್ 20 ಇರುವ ನೀರಿನಲ್ಲೂ ಇದು ಬರಬಹುದು, ಆ ಇಪ್ಪತ್ತರಲ್ಲಿ ಬಹುಪಾಲು ಕ್ಯಾಲ್ಸಿಯಂ ಆಗಿದ್ದರೆ. ವರದಿಯಲ್ಲಿ ಮೆಗ್ನೀಷಿಯಂ ಕ್ಯಾಲ್ಸಿಯಂನ ನಾಲ್ಕನೇ ಒಂದಕ್ಕಿಂತ ಬಹಳ ಕಡಿಮೆ ಇದೆಯೇ ನೋಡಿ, ಇದ್ದರೆ ನೀರು ಬದಲಿಸಿದಾಗ 100 ಲೀಟರಿಗೆ 5 ಗ್ರಾಂ ಎಪ್ಸಂ ಸಾಲ್ಟ್ ಕೊಡಿ. ಅದೇ ನರದ ಗುರುತು ಎಳೆ ಎಲೆಯಲ್ಲಿದ್ದರೆ ಕಬ್ಬಿಣ. ಗಾಜಿನ ಮೇಲೆ ಉಜ್ಜಿದರೂ ಹೋಗದ ಹಸಿರು ಚುಕ್ಕೆ ಪಾಚಿ ಹೆಚ್ಚಿದರೆ ಫಾಸ್ಫೇಟ್ ಸಾಲುತ್ತಿಲ್ಲ ಎಂಬ ಅನುಮಾನ ಪಡಬಹುದು.

ನೀರು ಬದಲಿಸುವ ಮನಸ್ಸಿಲ್ಲದಿದ್ದರೆ ಗಿಡವನ್ನೇ ನೀರಿಗೆ ತಕ್ಕಂತೆ ಆರಿಸಿ. ವ್ಯಾಲಿಸ್ನೇರಿಯಾ, ಹಾರ್ನ್‌ವರ್ಟ್, ಹೈಡ್ರಿಲ್ಲಾ, ಅನುಬಿಯಾಸ್, ಜಾವಾ ಫರ್ನ್, ಹಲವು ಕ್ರಿಪ್ಟೊಕೊರೈನ್‌ಗಳು ಕೆಎಚ್ 12ರಲ್ಲೂ ಚೆನ್ನಾಗಿರುತ್ತವೆ. ಎರಿಯೊಕೌಲಾನ್, ಟೋನಿನಾ, ರೊಟಾಲ ವಾಲಿಚಿ, ರೊಟಾಲ ಮ್ಯಾಕ್ರಾಂಡ್ರಾ ಬೋರ್ ನೀರಿಗೆ ಬೇಡವೇ ಬೇಡ. ಅವಕ್ಕೆ ಕೆಎಚ್ 1ರಿಂದ 3 ಬೇಕು.

ಹದ ಬದಲಿಸಿದ ಮೇಲೆ ಹಳೆ ಎಲೆ ನೋಡುತ್ತಾ ಕೂರಬೇಡಿ. ತೂತು ಬಿದ್ದದ್ದು, ಸುಣ್ಣ ಕಟ್ಟಿದ್ದು ಸರಿಯಾಗುವುದಿಲ್ಲ, ಅದನ್ನು ಕತ್ತರಿಸಿ ತೆಗೆಯಿರಿ. ತುದಿಯಲ್ಲಿ ಹೊಸದಾಗಿ ಬರುವ ಎಲೆ ಮಾತ್ರ ಸಾಕ್ಷಿ. ಬೇಗ ಬೆಳೆಯುವ ಕಾಂಡದ ಗಿಡಗಳಲ್ಲಿ ಎರಡು ವಾರಕ್ಕೆ, ಅನುಬಿಯಾಸ್‌ನಂಥ ನಿಧಾನದವುಗಳಲ್ಲಿ ಆರೇಳು ವಾರಕ್ಕೆ ಅದು ಕಾಣುತ್ತದೆ. ಅಷ್ಟರವರೆಗೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ದಿನಾಂಕ, ಕೆಎಚ್, ಜಿಎಚ್, ಹಾಕಿದ ಮಿ.ಲೀ. ಇಷ್ಟನ್ನು ತೊಟ್ಟಿಯ ಪಕ್ಕದ ಕ್ಯಾಲೆಂಡರಿನಲ್ಲಿ ಬರೆದಿಡಿ.